ನವಿಲಿಗೆ ಬೇಕಾದದ್ದು

೧೪ ಏಪ್ರಿಲ್ ೨೦೦೭, ಶನಿವಾರ

ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಒಂದಕ್ಷರ ಬರೆದಿರಲಿಲ್ಲ, ಪುರುಸೊತ್ತಿರಲಿಲ್ಲ. ಈಗ ಆರು ವಾರ ಪುರುಸೊತ್ತೇ ಪುರುಸೊತ್ತು.

ಗುರುವಾರ ಕಲ್ಯಾಣ ನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಸೀರಿಯಲ್ ಸೆಟ್ ಕಟ್ಟುತ್ತಿದ್ದಾಗ ಏಣಿ ಜಾರಿತು. ನಾನು ಜಾರಲಿಲ್ಲ, ಏಣಿ ಜಾರಿತು. ಕೇಳಿದವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಎಡಗೈ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ನಾನು ಹುಟ್ಟಾ ಎಡಚ. ಹಳ್ಳಿ ಶಾಲೆಯ ಮೇಷ್ಟ್ರು ಗೆಣ್ಣಿಗೆ ಬಾರಿಸಿ ಬಾರಿಸಿ ಬಲಗೈಯಲ್ಲಿ ಬರೆಯುವುದನ್ನು ಕಲಿಸಿದರು, ಆದ್ದರಿಂದ ಬರೆಯಬಲ್ಲೆ. ಆದರೆ ಬೆಸುಗೆ ಹಾಕುವುದು ಎಡಗೈ. ಇಡೀ ಹಲಸೂರಿನಲ್ಲಿ ನನ್ನ ಮುನಿಶಾಮಿ ಲೈಟಿಂಗ್ಸ್ ಹೆಸರು ನಿಂತಿರುವುದು ಆ ಕೈಯ ಮೇಲೆ.

ಹೆಸರು ನಿಂತಿರುವುದು ಮದುವೆಗಳಿಗೆ ನಿಲ್ಲಿಸುವ ನನ್ನ ದೀಪದ ನವಿಲಿನ ಮೇಲೆ ಎಂದರೂ ತಪ್ಪಿಲ್ಲ. ಹದಿನಾಲ್ಕು ಅಡಿ ಎತ್ತರ, ಆರುನೂರ ಹನ್ನೆರಡು ಬಲ್ಬು. ಮೊದಲು ಕೊರಳು ಹತ್ತುತ್ತದೆ, ಆಮೇಲೆ ಒಂದೊಂದೇ ಗರಿ ಬಿಚ್ಚಿಕೊಂಡು ಹನ್ನೆರಡು ಗರಿ ಹರಡಿ ನಿಲ್ಲುತ್ತದೆ. ಇಪ್ಪತ್ತೊಂದು ವರ್ಷದ ಹಿಂದೆ ನಾನೊಬ್ಬನೇ ಕೂತು ಮಾಡಿದ್ದು. ಅದಕ್ಕೂ ಮುಂಚೆ ಒಂದು ಹಂಸ ಮಾಡಿದ್ದೆ. ಯಾರೋ ಹಿಂಬದಿ ಬಿಚ್ಚಿ ನೋಡಿ, ತಿಂಗಳೊಳಗೆ ಊರೆಲ್ಲ ಅದೇ ಹಂಸ ಆಯಿತು. ಅಂದಿನಿಂದ ಬುದ್ಧಿ ಕಲಿತೆ. ನವಿಲಿನ ಮೋಟರು, ವೈರು, ಎಲ್ಲವನ್ನೂ ಹೊಟ್ಟೆಯೊಳಗೇ ಬೆಸೆದು, ಮೇಲೆ ಪ್ಲೈವುಡ್ ಬಡಿದು, ಸ್ಕ್ರೂಗಳ ತಲೆಯ ಗೀರನ್ನು ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿಬಿಟ್ಟೆ. ಯಾವ ಸ್ಕ್ರೂಡ್ರೈವರೂ ಹಿಡಿಯುವುದಿಲ್ಲ. ನವಿಲು ಎಲ್ಲಿಗೆ ಹೋದರೂ ನಾನೂ ಹೋಗಬೇಕು.

೧೬ ಏಪ್ರಿಲ್, ಸೋಮವಾರ

ಶಿವಾಜಿನಗರದಿಂದ ಇನಾಯತ್ ಉಲ್ಲಾ ನೋಡಲು ಬಂದಿದ್ದ. ಅವನ ಬಲ್ಬಿನ ಅಂಗಡಿಗೂ ನನಗೂ ಮೂವತ್ತು ವರ್ಷದ ನಂಟು. ಸೇಬು ತಂದಿದ್ದ. ಪ್ಲಾಸ್ಟರನ್ನು ಎರಡು ಸಲ ಬೆರಳಲ್ಲಿ ತಟ್ಟಿ ನೋಡಿದ.

“ಶಾಮಿ, ಮೇ ಇಪ್ಪತ್ತಕ್ಕೆ ನಾಜಿಶ್ ಶಾದಿ. ನಿನ್ ಕೈ ನೋಡಿದ್ರೆ ನವಿಲು ಬರೋ ಹಂಗೆ ಕಾಣಲ್ಲ. ಪರ್ವಾಗಿಲ್ಲ ಬಿಡು, ಬೇರೆ ಏನಾದ್ರೂ ಹಾಕ್ಸೋಣ.”

“ಮುರಿದಿರೋದು ನನ್ ಕೈ ಕಣೋ. ನವಿಲಿಂದಲ್ಲ.”

ಅವನ ಮಗಳು ನಾಜಿಶ್ ಎಂಟು ವರ್ಷದವಳಿದ್ದಾಗ ರಿಚರ್ಡ್ಸ್ ಟೌನಿನ ಒಂದು ಮದುವೆಯಲ್ಲಿ ಊಟಕ್ಕೂ ಹೋಗದೆ ಈ ನವಿಲಿನ ಮುಂದೆ ನಿಂತುಬಿಟ್ಟಿದ್ದಳು. ನನ್ನ ಶಾದಿಗೂ ಇದು ಬರುತ್ತಾ ಅಂಕಲ್ ಎಂದು ಕೇಳಿದಳು. ಬರುತ್ತಮ್ಮ ಎಂದು ತಲೆ ಮುಟ್ಟಿ ಹೇಳಿದ್ದೆ. ಮಕ್ಕಳಿಗೆ ಕೊಟ್ಟ ಮಾತನ್ನು ಅವರು ಮರೆಯುವುದಿಲ್ಲ.

ಇನಾಯತ್ ಹೋದ ಮೇಲೆ ಬಾಣಸವಾಡಿಯ ನಮ್ಮ ಮನೆ ಹಿತ್ತಿಲಿನ ಶೆಡ್ಡಿಗೆ ಹೋಗಿ ನವಿಲಿಗೆ ಕರೆಂಟು ಕೊಟ್ಟೆ. ಕೊರಳು ಹತ್ತಿತು. ಗರಿ ಬಿಚ್ಚಲಿಲ್ಲ. ಹೊಟ್ಟೆಯೊಳಗೆ ಮೋಟರು ಗುಂಯ್ ಎಂದು ಮೂಲೆಯ ನೊಣದಂತೆ ಸದ್ದು ಮಾಡಿ ಸುಮ್ಮನಾಯಿತು. ಮೂರು ಸಲ ಹಾಕಿ ನೋಡಿದೆ.

ಪ್ಲಾಸ್ಟರ್ ಬಿಚ್ಚುವುದು ಮೇ ಇಪ್ಪತ್ತೆಂಟಕ್ಕೆ. ಮದುವೆ ಇಪ್ಪತ್ತಕ್ಕೆ.

ಯೋಚಿಸಲು ಅನುಕೂಲವಾಗಲೆಂದು ಬರೆದಿಡುತ್ತೇನೆ. ನವಿಲು ಕುಣಿಯಲು ಬೇಕಾದದ್ದು: ನಾನು. ಕರೆಂಟು. ಮೋಟರು. ಮೋಟರು ತಿರುಗಿಸುವ ಹಿತ್ತಾಳೆ ಪಟ್ಟಿಯ ಉರುಳೆ. ಇಷ್ಟೇ.

೧೯ ಏಪ್ರಿಲ್, ಗುರುವಾರ

ಮನೆಯಲ್ಲಿ ಇನ್ನೊಬ್ಬರಿಗೂ ಸಂಕಟ. ತಂಗಿಯ ಮಗಳು ರಮ್ಯಶ್ರೀ ಹೊಸಕೋಟೆಯಿಂದ ಬಂದು ನಮ್ಮಲ್ಲೇ ಇದ್ದುಕೊಂಡು ಇಂದಿರಾನಗರದ ನೂರಡಿ ರಸ್ತೆಯ ಕಂಪನಿಗೆ ಹೋಗುತ್ತಾಳೆ. ಎಂಟು ತಿಂಗಳಾಯಿತು. ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಪಾಠ ಒಪ್ಪಿಸುತ್ತಿದ್ದಳು. ಡಿಪೆಂಡೆನ್ಸಿ ಇಂಜೆಕ್ಷನ್ ಅಂತೆ. ಮುಂದಿನ ತಿಂಗಳು ಹನ್ನೊಂದಕ್ಕೆ ಆಫೀಸಿನವರ ಮುಂದೆ ಅದನ್ನು ವಿವರಿಸಬೇಕಂತೆ.

“ನಂಗೆ ಹೇಳು, ನಾನು ನಿಂಗೆ ಸುಲಭ ಮಾಡಿ ಹೇಳ್ಕೊಡ್ತೀನಿ,” ಎಂದೆ.

“ನಿಮಗೇನು ಗೊತ್ತು ಮಾವ?”

“ಏಳನೇ ಕ್ಲಾಸಿಗೆ ಇಡೀ ಸ್ಕೂಲಿಗೇ ಫಸ್ಟು ನಾನು.”

“ಏಳನೇ ಕ್ಲಾಸಲ್ಲಿ ನಾಲ್ಕೇ ಜನ ಇದ್ರಂತೆ. ಅಮ್ಮ ಹೇಳಿದ್ಲು.”

ಆದರೂ ಹೇಳಿದಳು. ಆಸ್ಪತ್ರೆಗೆ ಬರುವವರಿಗೆ ಇಂಥ ದಿನ ಇಷ್ಟು ಗಂಟೆಗೆ ಬನ್ನಿ ಎಂದು ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಂ ಬರೆದಿದ್ದಾಳೆ. ಹೋದ ತಿಂಗಳು ಅದು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಲು ಗುಂಡಿ ಒತ್ತಿದಳು. ನಿಜವಾದ ನಲವತ್ತು ರೋಗಿಗಳಿಗೆ ಬೆಳಗಿನ ಜಾವ ಮೂರು ಗಂಟೆಗೆ ಬನ್ನಿ ಎಂದು ಹೋಯಿತು. ಆರು ಜನ ಬಂದೂಬಿಟ್ಟಿದ್ದರು. ಒಬ್ಬರು ಫ್ಲಾಸ್ಕಿನಲ್ಲಿ ಕಾಫಿ ಸಮೇತ.

ಕಾರಣ ಏನೆಂದರೆ, ಆ ಪ್ರೋಗ್ರಾಂ ಎಸ್ಸೆಮ್ಮೆಸ್ ಕಳಿಸುವ ಯಂತ್ರವನ್ನು ತನ್ನ ಹೊಟ್ಟೆಯೊಳಗೆ ತಾನೇ ಹುಟ್ಟಿಸಿಕೊಳ್ಳುತ್ತದೆ. ಪರೀಕ್ಷೆಗೆಂದು ಅದನ್ನು ತೆಗೆದು ಬೇರೆ ಇಡಲು ಬರುವುದಿಲ್ಲ. ಹಾಗೆ ಮಾಡಬಾರದು, ಹೊರಗಿನಿಂದ ಕೊಡಬೇಕು ಎಂದು ಮೇಲಿನವರು ಹೇಳಿದ್ದಾರೆ. ಅದರ ಹೆಸರೇ ಆ ಇಂಜೆಕ್ಷನ್ನು.

ನನಗೆ ಅರ್ಥವಾಗಲಿಲ್ಲ. ಸಂಜೆ ಟೀ ಅಂಗಡಿಯಲ್ಲಿ, ನಮ್ಮ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಕಡೆ ತಿಳಿಯದೆ ನನ್ನ ಕೈಲಿ ಹೇಳಿಸಿಕೊಳ್ಳುತ್ತಿದ್ದಾಳೆ ಎಂದೆ. ದಿನಾ ಅಲ್ಲೇ ಕೂರುವ ಸಂಜೀವಪ್ಪ ನಂಬಿದ.

೨೨ ಏಪ್ರಿಲ್, ಭಾನುವಾರ

ಮೂರು ದಿನ ತಲೆ ಓಡಿಸಿ ಇವತ್ತು ತಿಂಡಿ ಹೊತ್ತಿಗೆ ಅರ್ಥವಾಯಿತೆಂದು ರಮ್ಯಳಿಗೆ ಹೇಳಿದೆ. “ಹೊಟ್ಟೆಯೊಳಗೆ ಒಂದೇ ಯಂತ್ರ ಇದ್ರೆ ಕಷ್ಟ. ಎರಡು ಇಡ್ಬೇಕು. ಒಂದು ನಿಜದ್ದು, ಒಂದು ಪರೀಕ್ಷೆಗೆ. ನನ್ ನವಿಲಿಗೂ ಅವತ್ತೇ ಎರಡು ಮೋಟರು ಬೆಸೆದಿದ್ರೆ ಈ ತೊಂದ್ರೆ ಇರ್ತಿರ್ಲಿಲ್ಲ.”

ದೋಸೆ ಬಾಯಲ್ಲಿಟ್ಟುಕೊಂಡೇ ನಕ್ಕಳು. “ಎರಡಲ್ಲ ಮಾವ. ಒಂದೂ ಬೇಡ. ಒಳಗೆ ಮಾಡ್ಕೊಳ್ಳೋದೇ ಬೇಡ. ನಂಗೆ ಇಂಥದ್ದು ಬೇಕು ಅಂತ ಬಾಗಿಲಲ್ಲೇ ಹೇಳಿ ಸುಮ್ನಿರ್ಬೇಕು. ಹೊರಗಿರೋರು ತಂದು ಕೊಡ್ತಾರೆ.”

“ಹೊರಗಿರೋರು ಅಂದ್ರೆ ನಾನು.”

“ಯಾರಾದ್ರೂ ಆಗ್ಬೋದು. ಯಾರು ಅಂತ ಒಳಗಿರೋದಕ್ಕೆ ಗೊತ್ತಾಗ್ಲೇಬಾರ್ದು.”

ಯಾರಾದರೂ. ಇಪ್ಪತ್ತೊಂದು ವರ್ಷ ಮಳೆಯಲ್ಲಿ ಬಿಸಿಲಲ್ಲಿ ಅದರ ಪಕ್ಕ ನಿಂತವನಿಗೆ ಈ ಮಾತು. ಇದೇನು ವಿದ್ಯೆಯೋ. ಅಕ್ಕಯಮ್ಮ ಇನ್ನೊಂದು ದೋಸೆ ಹಾಕಲಾ ಎಂದಳು. ನನ್ನ ಹೆಂಡತಿಗೆ ಎಲ್ಲದಕ್ಕೂ ದೋಸೆಯೇ ಉತ್ತರ. ಬೇಡವೆಂದೆ. ಆಮೇಲೆ ಎರಡು ತಿಂದೆ.

೨೫ ಏಪ್ರಿಲ್

ಪ್ಲಾಸ್ಟರಿನೊಳಗೆ ಕಡಿತ. ಹೆಣೆಯುವ ಕಡ್ಡಿ ತೂರಿಸಿ ಕೆರೆದುಕೊಂಡೆ. ಬೇರೇನಿಲ್ಲ.

೨೮ ಏಪ್ರಿಲ್, ಶನಿವಾರ

ಇನಾಯತ್‌ನ ಹೆಂಡತಿಯ ತಮ್ಮ ಅಫ್ಜಲ್ ಬಂದಿದ್ದ. ಶಿವಾಜಿನಗರದಲ್ಲಿ ಮೋಟರು ವೈಂಡಿಂಗ್ ಮಾಡುವವನು, ನಲವತ್ತರ ಆಸುಪಾಸು, ಮಾತಿಗಿಂತ ನಗುವುದು ಹೆಚ್ಚು. ಭಾವ ಕಳಿಸಿದರು, ನವಿಲು ನೋಡುತ್ತೇನೆ ಎಂದ. ಹಿಂಬದಿಯ ಸ್ಕ್ರೂಗಳ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದ.

“ಶಾಮಿ ಭಾಯ್, ಇದು ನವಿಲಾ, ಬ್ಯಾಂಕ್ ಲಾಕರಾ?”

“ಗೊತ್ತಿರೋರಿಗೆ ನವಿಲು.”

“ಮೋಟರ್ ಎಲ್ಲಿಟ್ಟಿದೀರ?”

“ಕೊರಳಲ್ಲಿ,” ಎಂದೆ.

ಪಾಪ, ಅರ್ಧ ಗಂಟೆ ಕೊರಳಿಗೆ ಕಿವಿ ಕೊಟ್ಟು ತಟ್ಟಿದ. ನಾನು ಕುರ್ಚಿಯಲ್ಲಿ ಕೂತು ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಕೆಳಗೆ ಎನ್ನುತ್ತಿದ್ದೆ. ಟೀ ತಂದ ಅಕ್ಕಯಮ್ಮ ನಿಂತು ನೋಡಿದಳು. “ಏನ್ರೀ ನಿಮಗೆ ವಯಸ್ಸಾಯ್ತೋ ಇಲ್ವೋ. ಹೊಟ್ಟೇಲಿದೆ ಕಣಪ್ಪ ಮೋಟರು.”

ಅಫ್ಜಲ್ ಕೋಪಿಸಿಕೊಳ್ಳಲಿಲ್ಲ. ಟೀ ಕುಡಿದು, ಡ್ರಿಲ್ ಹಾಕಿದರೆ ಬಿಚ್ಚಬಹುದು, ಹೇಳಿ ಕಳಿಸಿ ಎಂದು ಹೋದ. ನಾನು ಹೇಳಿ ಕಳಿಸುವವನಲ್ಲ.

೩ ಮೇ, ಗುರುವಾರ

ಸಂಜೀವಪ್ಪ ಟೀ ಅಂಗಡಿಯಲ್ಲಿ ಸುದ್ದಿ ಕೊಟ್ಟ. ಫ್ರೇಜರ್ ಟೌನಿನ ಶಾದಿ ಮಹಲಿಗೆ ಇನಾಯತ್ ಯಾರ ಹತ್ತಿರವೋ ರಬ್ಬರ್ ಕೊಳವೆಯ ಲೈಟು ವಿಚಾರಿಸುತ್ತಿದ್ದಾನಂತೆ. ಆ ಹೊಸ ನಮೂನೆ, ಹಾವಿನಂತೆ ಸುತ್ತಿ ನೇತುಹಾಕುವುದು. ಎಲ್ಲ ಒಂದೇ ಬಣ್ಣ, ಕುಣಿತವಿಲ್ಲ, ಏನಿಲ್ಲ.

ಫೋನು ಮಾಡಿದೆ. “ನಿಂಗ್ಯಾಕೆ ತ್ರಾಸು ಅಂತ ಶಾಮಿ,” ಎಂದ. “ನಾಜಿಶ್‌ಗೆ ಹೇಳಿದೀನಿ. ಅಂಕಲ್ ಕೈ ಮುಖ್ಯ, ನವಿಲು ಬೇಡ ಅಂದ್ಲು.”

ಬೈದಿದ್ದರೆ ಚೆನ್ನಾಗಿತ್ತು. ಬೇಡ ಅಂದಳಂತೆ ಮಗು. ಶೆಡ್ಡಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ರಮ್ಯ ಆಫೀಸಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಪಕ್ಕದಲ್ಲಿ ನಿಂತಳು. “ಅಫ್ಜಲ್ ಅಂಕಲ್ ನಂಬರ್ ಅತ್ತೆ ಹತ್ರ ಇದೆ,” ಎಂದಳು, ಗೋಡೆಗೆ ಹೇಳುವವಳಂತೆ.

ಭಾನುವಾರ ಬಾ ಎಂದು ನಾನೇ ಫೋನು ಮಾಡಿದೆ.

೬ ಮೇ, ಭಾನುವಾರ

ತುಂಬಾ ಬರೆಯುವುದಿದೆ.

ಅಫ್ಜಲ್ ಇಪ್ಪತ್ತೆರಡು ಸ್ಕ್ರೂಗಳಿಗೂ ಡ್ರಿಲ್ ಹಾಕಿದ. ಒಂದೊಂದಕ್ಕೂ ನನ್ನ ಹಲ್ಲಿಗೆ ಹಾಕಿದಂತಾಯಿತು. ಹಲಗೆ ತೆಗೆದಾಗ ಇಪ್ಪತ್ತೊಂದು ವರ್ಷದ ಧೂಳು, ಒಂದು ಹಲ್ಲಿಯ ಅಸ್ಥಿ, ಮಧ್ಯದಲ್ಲಿ ನನ್ನ ಬೆಸುಗೆ. ಈಗಲೂ ಮಣಿ ಪೋಣಿಸಿದ ಹಾಗಿದೆ. ಅಫ್ಜಲ್ ಟಾರ್ಚು ಹಿಡಿದು ನೋಡಿ, “ವಾಹ್” ಎಂದ. ಅವನ ಬಗ್ಗೆ ನನಗಿದ್ದ ಅಭಿಪ್ರಾಯ ಬದಲಾಗಿದೆ.

ಆದರೆ ಮೋಟರು ಸುಟ್ಟುಹೋಗಿದೆ. ಉರುಳೆಯನ್ನು ಮೋಟರಿನ ಕಂಬಿಗೇ ಬೆಸೆದಿರುವುದರಿಂದ ಅದೇ ಅಳತೆಯ ಮೋಟರೇ ಬೇಕು, ಅದನ್ನು ಮಾಡುವ ಕಂಪನಿಯೇ ಈಗಿಲ್ಲ. ಮುಗಿಯಿತು ಎಂದು ಕೂತೆ.

ರಮ್ಯ ಒಳಗೆ ತಲೆ ತೂರಿಸಿದ್ದಳು. “ಮಾವ, ಈ ಮೋಟರ್ರು, ಉರುಳೆ, ಎರಡೂ ಸೇರಿ ಮಾಡೋ ಕೆಲಸ ಏನು?”

“ಹನ್ನೆರಡು ಗರಿಗೂ ಒಂದಾದ್ಮೇಲೆ ಒಂದಕ್ಕೆ ಕರೆಂಟು ಕೊಡೋದು.”

“ಅಂದ್ರೆ ನವಿಲಿಗೆ ಮೋಟರ್ ಬೇಡ.”

“ಏನಮ್ಮ ನೀನು, ಮೋಟರ್ ಇಲ್ದೆ…”

“ಬೇಡ ಮಾವ. ಅದಕ್ಕೆ ಬೇಕಾಗಿರೋದು ಸರದಿ ಪ್ರಕಾರ ಕರೆಂಟು. ಮೋಟರ್ ಕೊಡುತ್ತೋ, ಇನ್ನೊಂದು ಕೊಡುತ್ತೋ, ಅದಕ್ಕೇನು? ಹನ್ನೆರಡು ವೈರೂ ಹೊರಗೆ ತಂದು ಒಂದು ಸಾಕೆಟ್ ಬಾಕ್ಸ್ ಇಡೋಣ. ಕೊಡೋರು ಅಲ್ಲಿ ಕೊಡ್ಲಿ.”

ಅಫ್ಜಲ್ ತಲೆಯಾಡಿಸಿದ. ಮೋಟರಿಲ್ಲದೆ ಸರದಿ ಹಾಕುವ ಪುಟ್ಟ ಸರ್ಕ್ಯೂಟ್ ಡಬ್ಬಿ ತಾನೇ ಮಾಡಿಕೊಡುತ್ತೇನೆ ಎಂದ. ನಾನು ಬೆಸುಗೆ ಕಡ್ಡಿ ಎತ್ತಿ ಅವನಿಗೆ ಕೊಟ್ಟೆ. ಅದೂ ನನ್ನದು, ಹಿಡಿ ನನ್ನ ಎಡಗೈಗೆ ಸವೆದಿರುವುದು. ಬಲಗೈಯವನು ಹೇಗೆ ಹಿಡಿಯುತ್ತಾನೋ ಎಂದುಕೊಂಡೆ. ಹಿಡಿದ. ಮಧ್ಯಾಹ್ನ ಮೂರರ ಹೊತ್ತಿಗೆ ಮೋಟರು, ಉರುಳೆ ಕಿತ್ತು ಆಚೆ ಇಟ್ಟಾಗಿತ್ತು, ಹನ್ನೆರಡೂ ವೈರು ಹೊರಬಂದು ಸಾಕೆಟ್ಟಿಗೆ ಕೂತವು.

ಡಬ್ಬಿ ಇನ್ನೂ ಆಗಿಲ್ಲವಲ್ಲ, ವೈರು ಸರಿಯಿದೆಯೋ ಇಲ್ಲವೋ ಹೇಗೆ ನೋಡುವುದು? ರಮ್ಯ ಶೆಡ್ಡಿನಲ್ಲಿದ್ದ ಹಳೆಯ ಮರದ ಹಲಗೆ ತಂದಳು. ಹನ್ನೆರಡು ಮಾಮೂಲಿ ಸ್ವಿಚ್ಚುಗಳಿದ್ದ ಬೋರ್ಡು, ಮನೆಗಳಲ್ಲಿ ಫ್ಯಾನಿಗೆ ಹಾಕುವಂಥವು. ಅಫ್ಜಲ್ ಅದನ್ನು ಸಾಕೆಟ್ಟಿಗೆ ಸೇರಿಸಿದ. “ಅತ್ತೆ, ಬನ್ನಿ ಇಲ್ಲಿ. ಎಡಗಡೆಯಿಂದ ಒಂದೊಂದೇ ಒತ್ತಿ.”

ಅಕ್ಕಯಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದಳು. “ಇಪ್ಪತ್ತೊಂದು ವರ್ಷದಿಂದ ಮುಟ್ಬೇಡ ಮುಟ್ಬೇಡ ಅಂತಿದ್ರಿ.”

“ಈಗ್ಲೂ ನವಿಲು ಮುಟ್ತಿಲ್ಲ ನೀನು. ಸ್ವಿಚ್ಚು ತಾನೆ,” ಎಂದೆ.

ಒತ್ತಿದಳು. ಒಂದು ಗರಿ. ಇನ್ನೊಂದು. ಹಪ್ಪಳ ತಿರುವಿ ಹಾಕುವಷ್ಟೇ ನಿಧಾನವಾಗಿ, ಎಣಿಸಿಕೊಂಡು, ಹನ್ನೆರಡೂ. ನವಿಲು ಪೂರ್ತಿ ಹರಡಿ ನಿಂತಿತು. ಒಳಗೆ ಮೋಟರಿಲ್ಲ, ಉರುಳೆಯಿಲ್ಲ. ಕರೆಂಟು ಕೊಡುತ್ತಿರುವುದು ನಾನಲ್ಲ, ಹಿಟ್ಟಿನ ಕೈಯ ಅಕ್ಕಯಮ್ಮ. ನವಿಲಿಗೆ ಗೊತ್ತೇ ಆಗಲಿಲ್ಲ. ಹಾಗೇ ಕುಣಿಯಿತು.

ರಮ್ಯ ಹಲಗೆಯನ್ನೊಮ್ಮೆ, ನವಿಲನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, “ಇದೇ ಮಾವ. ಇಷ್ಟು ದಿನ ನಾನು ಬಾಯಿಪಾಠ ಮಾಡಿದ್ದೆ ಅಷ್ಟೆ,” ಎಂದಳು. ಅವಳ ಪ್ರೋಗ್ರಾಮಿಗೂ ಎಸ್ಸೆಮ್ಮೆಸ್ ಯಂತ್ರ ಬೇಕಾಗಿಲ್ಲ. ಈ ಮಾತನ್ನು ಇವರಿಗೆ ತಲುಪಿಸು ಎಂದರೆ ತಲುಪಿಸುವವರೊಬ್ಬರು ಬೇಕು, ಅಷ್ಟೆ. ನಿಜವಾದ ದಿನ ನಿಜದ್ದನ್ನು ಕೊಡುವುದು. ಪರೀಕ್ಷೆಯ ದಿನ ಯಾರಿಗೂ ಕಳಿಸದೆ ಸುಮ್ಮನೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಒಂದು ಸುಳ್ಳು ಯಂತ್ರ ಕೊಡುವುದು. ಪ್ರೋಗ್ರಾಮಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ನಲವತ್ತು ಜನ ನಿದ್ದೆಗೆಡುವುದಿಲ್ಲ.

“ಅಂದ್ರೆ ನಿಮ್ಮತ್ತೆ ಸುಳ್ಳು ಯಂತ್ರ,” ಎಂದೆ.

“ರಾತ್ರಿಗೆ ಸುಳ್ಳು ಸಾರು ಮಾಡ್ತೀನಿ, ತಿನ್ನಿ,” ಎಂದಳು ಅಕ್ಕಯಮ್ಮ. ಅಫ್ಜಲ್ ನಕ್ಕು ನಕ್ಕು ಟಾರ್ಚು ಕೆಳಗೆ ಹಾಕಿದ.

ಇನಾಯತ್‌ಗೆ ಫೋನು ಮಾಡಿ, ಆ ರಬ್ಬರ್ ಹಾವನ್ನು ವಾಪಸು ಕಳಿಸು ಎಂದೆ.

೧೧ ಮೇ, ಶುಕ್ರವಾರ

ರಮ್ಯ ಆಫೀಸಿನ ಬೋರ್ಡಿನ ಮೇಲೆ ನವಿಲು ಬರೆದೇ ವಿವರಿಸಿದಳಂತೆ. ಕೋಳಿಯ ಹಾಗೆ ಬಂತಂತೆ, ಆದರೂ ಎಲ್ಲರಿಗೂ ಅರ್ಥವಾಯಿತಂತೆ. ಒಬ್ಬ ಹಿರಿಯರು ಎದ್ದು, ಹಾಗಾದರೆ ಎಲ್ಲವನ್ನೂ ತಂದು ಜೋಡಿಸುವವರು ಯಾರು ಎಂದು ಕೇಳಿದರಂತೆ. ಅದಕ್ಕೆ ರಮ್ಯ, ಜೋಡಿಸಲು ಒಂದೇ ಜಾಗ ಇರಬೇಕು, ಮದುವೆ ಮನೆಯಲ್ಲಿ ಉಸ್ತುವಾರಿಗೆ ಒಬ್ಬರಿರುವ ಹಾಗೆ. ನವಿಲು ತಾನೇ ಉಸ್ತುವಾರಿಗೆ ಇಳಿಯಬಾರದು ಎಂದಳಂತೆ. ಚಪ್ಪಾಳೆ ಹೊಡೆದರಂತೆ.

ಟೀ ಅಂಗಡಿಯಲ್ಲಿ ಇದನ್ನು ಹೇಳಿದೆ. ನನ್ನ ಪಾಲು ಎಷ್ಟು ಎಂದು ಸಂಜೀವಪ್ಪ ಕೇಳಿದ. ಮುಕ್ಕಾಲು ಎಂದೆ. ಮನೆಗೆ ಬರುವ ದಾರಿಯಲ್ಲಿ ಅರ್ಧಕ್ಕೆ ಇಳಿಸಿಕೊಂಡೆ. ನವಿಲಂತೂ ನನ್ನದೇ.

೨೧ ಮೇ, ಸೋಮವಾರ

ನಿನ್ನೆ ನಾಜಿಶ್ ಮದುವೆ.

ಬಿರಿಯಾನಿಯ ಬಗ್ಗೆ ಮೊದಲು ಬರೆಯಬೇಕು. ಇಪ್ಪತ್ತೊಂದು ವರ್ಷದಲ್ಲಿ ನಾನು ಮದುವೆಯೂಟವನ್ನು ಬಿಸಿಯಾಗಿ ತಿಂದಿದ್ದೇ ಇಲ್ಲ. ನವಿಲಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದೆ, ಎಲ್ಲ ಮುಗಿದ ಮೇಲೆ ಯಾರಾದರೂ ತಣ್ಣಗಾದ ತಟ್ಟೆ ತಂದು ಕೊಡುತ್ತಿದ್ದರು. ನಿನ್ನೆ ಸಂಜೆ ದೀಪ ಹತ್ತುವ ಹೊತ್ತಿಗೆ ಅಫ್ಜಲ್ ತನ್ನ ಡಬ್ಬಿಯನ್ನು ಸಾಕೆಟ್ಟಿಗೆ ಚುಚ್ಚಿದ. ಗರಿ ಬಿಚ್ಚಿತು, ಮಡಚಿತು, ಬಿಚ್ಚಿತು. ಹಳೆಯ ಮೋಟರಿಗಿಂತ ನಯವಾಗಿಯೇ ಎನ್ನಬೇಕು. ಕಾರಿನಿಂದಿಳಿದ ನಾಜಿಶ್ ಅಷ್ಟು ಒಡವೆ, ಅಷ್ಟು ಹೂವಿನ ಮಧ್ಯದಿಂದ ತಲೆಯೆತ್ತಿ ನೋಡಿದಳು. ಒಳಗೆ ಕರೆದರೂ ಹೋಗದೆ ಒಂದು ಗಳಿಗೆ ನಿಂತಳು. ಎಂಟು ವರ್ಷದವಳು ನಿಂತಿದ್ದ ಹಾಗೆಯೇ.

ಇನಾಯತ್ ನನ್ನ ಭುಜ ಹಿಡಿದು ಒಳಗೆ ಎಳೆದ. “ಸ್ಟೂಲ್ ಎಲ್ಲಿ ಅಂತ ಹುಡುಕ್ಬೇಡ. ಇವತ್ತು ನೀನು ಮೆಹಮಾನ್. ಕೂತ್ಕೋ.”

ಕೂತೆ. ಬಿರಿಯಾನಿ, ಬದನೆಕಾಯಿ ಗೊಜ್ಜು, ಮೊಸರು ಪಚ್ಚಡಿ, ಕೊನೆಗೆ ಖರ್ಬೂಜದ ಸಿಹಿ. ಒಂದೇ ಕೈಯಲ್ಲಿ ತಿನ್ನುವುದು ಕಷ್ಟವಾಗಲಿಲ್ಲ. ಪಕ್ಕದಲ್ಲಿ ಕೂತ ಕಲೀಮುಲ್ಲಾ ಎಂಬ ಹಿರಿಯರಿಗೆ ಡಿಪೆಂಡೆನ್ಸಿ ಇಂಜೆಕ್ಷನ್ ವಿವರಿಸಿದೆ. ಅವರಿಗೆ ಕಿವಿ ಸ್ವಲ್ಪ ಮಂದ, ಆದರೂ ಒಪ್ಪಿದರು. ಹೊರಗೆ ಮಳೆ ಬಂದು ಹೋದ ಸದ್ದು ಕೇಳಿದ ನೆನಪು. ಎರಡನೇ ಸಲ ಬಡಿಸಿಕೊಂಡೆ.

ಕೈ ತೊಳೆದು ಹೊರಗೆ ಬಂದರೆ ನವಿಲು ಕುಣಿಯುತ್ತಲೇ ಇತ್ತು. ಏನೋ ಸ್ವಲ್ಪ ನಿಧಾನ ಎನಿಸಿತು. ಹಿಂದೆ ಹೋಗಿ ನೋಡಿದೆ. ಅಫ್ಜಲ್‌ನ ಡಬ್ಬಿಯೊಳಗೆ ಮಳೆನೀರು ನುಗ್ಗಿ ಕೆಟ್ಟು ಎಷ್ಟು ಹೊತ್ತಾಗಿತ್ತೋ. ಜಗುಲಿಯ ಒಳಗೆ, ಒಣ ಜಾಗದಲ್ಲಿ, ಬೇಕಾದೀತೆಂದು ನವಿಲಿನ ಜೊತೆ ಹಾಕಿಕೊಂಡು ಬಂದಿದ್ದ ಅದೇ ಹನ್ನೆರಡು ಸ್ವಿಚ್ಚಿನ ಮರದ ಹಲಗೆ. ಒಂದು ಕಡೆ ಅಕ್ಕಯಮ್ಮ, ಇನ್ನೊಂದು ಕಡೆ ಇನಾಯತ್‌ನ ಅಕ್ಕ ಚಾಂದ್ ಬೀ. ಆರು ಇವಳದು, ಆರು ಅವರದು. ಇಬ್ಬರೂ ಒತ್ತುತ್ತಾ ಒತ್ತುತ್ತಾ ಯಾರದೋ ಸೊಸೆಯ ವಿಷಯ ಮಾತಾಡುತ್ತಿದ್ದರು.

“ನಂಗೆ ಯಾಕೆ ಹೇಳ್ಲಿಲ್ಲ?” ಎಂದೆ.

“ಊಟ ಮಾಡ್ತಿದ್ರಲ್ಲ,” ಎಂದಳು ಅಕ್ಕಯಮ್ಮ, ಏಳನೇ ಸ್ವಿಚ್ಚು ಚಾಂದ್ ಬೀಗೆ ಬಿಟ್ಟು.

ಅರ್ಧ ಗಂಟೆ ಹೀಗೆ ನಡೆದಿದೆಯಂತೆ. ನನಗೆ ಗೊತ್ತೇ ಆಗಿರಲಿಲ್ಲ. ಬಿರಿಯಾನಿ ನಿಜಕ್ಕೂ ಚೆನ್ನಾಗಿತ್ತು.

೨೯ ಮೇ, ಮಂಗಳವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಕೈ ಬೂದುಗುಂಬಳಕಾಯಿಯ ಹಾಗೆ ಬಿಳಿಚಿಕೊಂಡಿದೆ. ಬೆಸುಗೆ ಕಡ್ಡಿ ಹಿಡಿಯಲು ಇನ್ನೂ ಹದಿನೈದು ದಿನ ಬೇಕಂತೆ. ಇರಲಿ, ಅವಸರವಿಲ್ಲ.

ಜೂನ್ ಮೂರಕ್ಕೆ ಕೆ.ಆರ್. ಪುರದ ಒಂದು ಮದುವೆಗೆ ನವಿಲು ಕೇಳಿದ್ದಾರೆ. ಅವತ್ತೇ ರಮ್ಯ, ಅಕ್ಕಯಮ್ಮ, ನಾನು ಹೊಸಕೋಟೆಗೆ ತಂಗಿಯ ಮನೆಗೆ ಹೋಗುವುದೆಂದು ಮಾತಾಗಿದೆ. ಅಫ್ಜಲ್ ನೋಡಿಕೊಳ್ಳುತ್ತೇನೆ ಎಂದ, ಅವನಿಗೆ ಆಗದಿದ್ದರೆ ಅವನ ಅಂಗಡಿಯ ಯಾರಾದರೂ ಹೋಗುತ್ತಾರೆ. ಹಿಂಬದಿಯ ಹಲಗೆಗೆ ಹೊಸ ಸ್ಕ್ರೂ ಹಾಕಿಸಿದೆ, ಗೀರಿರುವಂಥದ್ದು.

ತಿಳಿಯದವರು ಹೋದರೂ ತೊಂದರೆಯಾಗದಿರಲೆಂದು ಒಂದು ತಗಡಿನ ಮೇಲೆ ಪೇಂಟಿನಲ್ಲಿ ದಪ್ಪಕ್ಷರದಲ್ಲಿ ಬರೆದು ಸಾಕೆಟ್ಟಿನ ಪಕ್ಕ ಹೊಡೆದೆ. ಇಲ್ಲೂ ಬರೆದಿಡುತ್ತೇನೆ.

ನವಿಲಿಗೆ ಬೇಕಾದದ್ದು: ಕರೆಂಟು. ಹನ್ನೆರಡು ಗರಿಗೆ ಸರದಿ ಕೊಡಲು ಡಬ್ಬಿ, ಅಥವಾ ಸ್ವಿಚ್ಚಿನ ಹಲಗೆ ಮತ್ತು ಒತ್ತಲು ಯಾರಾದರೂ. ಮಳೆ ಬೀಳದ ಜಾಗ.

ಎರಡು ಸಲ ಓದಿದೆ. ಏಪ್ರಿಲ್‌ನಲ್ಲಿ ಬರೆದ ಪಟ್ಟಿಯ ಮೊದಲಲ್ಲೇ ಇನ್ನೂ ಏನೋ ಒಂದು ಇತ್ತು ಎನಿಸಿತು. ನೆನಪಾಗಲಿಲ್ಲ. ಅಷ್ಟರಲ್ಲಿ ಅಕ್ಕಯಮ್ಮ ದೋಸೆಗೆ ಕರೆದಳು.